ಯಾವ ಗಣಕವನ್ನು ನಂಬುವುದು? ಗಡಿನಾಡಿನ ಕನ್ನಡ ಶಾಲೆಗಳ ಮುಂದಿರುವ ಪ್ರಶ್ನೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಎಂಬ ತನ್ನ ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಅದರಿಂದ ಯಾವ ಗಣಕಯಂತ್ರವೂ ತಾನಾಗಿ ನಿಂತುಹೋಗುವುದಿಲ್ಲ. ಆದರೆ ಅಂದಿನಿಂದ ಮುಂದೆ ಆ ವ್ಯವಸ್ಥೆಯಲ್ಲಿ ಕಂಡುಬರುವ ದೋಷಗಳಿಗೆ ಉಚಿತ ದುರಸ್ತಿ ದೊರೆಯುವ ಭರವಸೆಯಿಲ್ಲ. ಅದರ ಮುಂದಿನ ವಿಂಡೋಸ್ 11 ಆವೃತ್ತಿಯನ್ನು ಹಾಕಿಕೊಳ್ಳಬೇಕಾದರೆ ಸುಮಾರು 2018ರ ನಂತರದ ಪ್ರೊಸೆಸರ್ ಹಾಗೂ ಟಿಪಿಎಂ 2.0 ಎಂಬ ಸುರಕ್ಷತಾ ಬಿಲ್ಲೆ ಇರಬೇಕೆಂಬ ನಿಯಮವಿದೆ. ದಾನಿಗಳಿಂದಲೋ ಹಳೆಯ ಯೋಜನೆಗಳಿಂದಲೋ ಬಂದ ಗಣಕಗಳನ್ನು ಇಟ್ಟುಕೊಂಡಿರುವ ಶಾಲೆಗಳಿಗೆ ಈ ನಿಯಮ ದಾಟಲಾಗದ ಹೊಸ್ತಿಲಾಗಿದೆ.

ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮ ಶಾಲೆಗಳಿವೆ; ಖಾಸಗಿ ಸಂಸ್ಥೆಗಳು ನಡೆಸುವ ಪ್ರೌಢಶಾಲೆಗಳೂ ಇವೆ. ಇವುಗಳ ಗಣಕ ಕೊಠಡಿಗಳ ಮುಂದೆ ಈಗ ಮೂರು ದಾರಿಗಳಿವೆ. ಹಳೆಯ ಯಂತ್ರಗಳನ್ನು ತೆಗೆದು ಹೊಸದನ್ನು ಕೊಳ್ಳುವುದು. ದುರಸ್ತಿಯಿಲ್ಲದ ವ್ಯವಸ್ಥೆಯಲ್ಲೇ ಮುಂದುವರಿಯುವುದು. ಇಲ್ಲವೇ ಅದೇ ಯಂತ್ರದ ಮೇಲೆ ಲಿನಕ್ಸ್ ಆಧಾರಿತವಾದ ಮುಕ್ತ ತಂತ್ರಾಂಶವನ್ನು ಸ್ಥಾಪಿಸುವುದು. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದರಲ್ಲಿ ಅಪಾಯವಿದೆ. ಮೂರನೆಯದರ ಮಾತೆತ್ತಿದೊಡನೆ ಬರುವ ಆಕ್ಷೇಪ ಒಂದೇ: ಸಂಬಳವಿಲ್ಲದೆ ಯಾರೋ ಮಾಡಿ ಪುಕ್ಕಟೆ ಹಂಚಿದ ವಸ್ತುವನ್ನು ನಂಬುವುದು ಹೇಗೆ? ಕೆಟ್ಟರೆ ಕೇಳುವವರಾರು?

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಭಾವಾವೇಶದ ಉತ್ತರವೂ ಸಲ್ಲದು. ಮೂರು ದಶಕಗಳ ಅನುಭವ ನಮ್ಮ ಮುಂದಿದೆ. ಅದನ್ನು ಲೆಕ್ಕ ಹಾಕಿ ನೋಡಿದರೆ ಉತ್ತರ ಎರಡೂ ಪಕ್ಷದವರು ಹೇಳುವುದಕ್ಕಿಂತ ಬೇರೆಯದಾಗಿದೆ.

ಯಾರು ಮಾಡಿದ್ದು?

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಕಾರ್ಯಾಚರಣ ವ್ಯವಸ್ಥೆಯೊಂದನ್ನು ರಚಿಸುವ 'ಗ್ನೂ' ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದಕ್ಕೆ ಬೇಕಾಗಿದ್ದ ತಿರುಳನ್ನು ಬರೆದರು, ಅದೇ ಲಿನಕ್ಸ್. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯು ಈ ಭಾಗಗಳನ್ನೆಲ್ಲ ಒಟ್ಟುಗೂಡಿಸಿ, ಪರೀಕ್ಷಿಸಿ, ಸಾಮಾನ್ಯ ಬಳಕೆದಾರನ ಕೈಗೆ ಕೊಡುವ ಕೆಲಸವನ್ನು ಇಂದಿಗೂ ಸ್ವಯಂಸೇವಕರ ಬಲದಿಂದಲೇ ನಡೆಸುತ್ತಿದೆ. ಉಬುಂಟು ಮೊದಲಾದ ಹೆಸರುವಾಸಿ ವ್ಯವಸ್ಥೆಗಳು ಹುಟ್ಟಿಕೊಂಡದ್ದು ಡೆಬಿಯನ್ನಿನ ಮೇಲೆಯೇ. ಭಾರತ ಸರಕಾರದ ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಭಾಷೆಗಳಿಗಾಗಿ ರೂಪಿಸಿದ 'ಬಾಸ್' ಕೂಡ ಡೆಬಿಯನ್ ಆಧಾರಿತವೇ.

'ಸ್ವಯಂಸೇವಕರು' ಎಂದೊಡನೆ ಬಿಡುವಿನ ವೇಳೆಯ ಹವ್ಯಾಸಿಗಳೆಂದು ಭಾವಿಸುವುದು ಪೂರ್ತಿ ಸರಿಯಲ್ಲ. ಇಂದು ಲಿನಕ್ಸ್ ತಿರುಳಿಗೆ ಸೇರುವ ಕೆಲಸದ ಬಹುಪಾಲು ದೊಡ್ಡ ಕಂಪನಿಗಳ ಸಂಬಳ ಪಡೆಯುವ ತಂತ್ರಜ್ಞರದು. 2017ರ ನವೆಂಬರ್‌ನಿಂದ ಈಚೆಗೆ ಜಗತ್ತಿನ ಅತ್ಯಂತ ವೇಗದ 500 ಮಹಾಗಣಕಗಳೆಲ್ಲವೂ ಲಿನಕ್ಸ್ ಮೇಲೆಯೇ ನಡೆಯುತ್ತಿವೆ. ಆಂಡ್ರಾಯ್ಡ್ ಮೊಬೈಲಿನ ತಿರುಳೂ ಲಿನಕ್ಸೇ. ಹೀಗಾಗಿ 'ಲಿನಕ್ಸ್ ನಮಗೇಕೆ' ಎನ್ನುವ ಗೃಹಸ್ಥನ ಜೇಬಿನಲ್ಲಿಯೂ ಅದು ಈಗಾಗಲೇ ಇದೆ. ಆದರೆ ಮಹಾಗಣಕದಲ್ಲಿ, ಮೊಬೈಲಿನಲ್ಲಿ ನಂಬಿಕೆಗೆ ಪಾತ್ರವಾದದ್ದು ಶಾಲೆಯ ಮೇಜಿನ ಮೇಲೂ ಹಾಗೆಯೇ ಇರುತ್ತದೆಂದು ಹೇಳಲಾಗದು. ಮೇಜಿನ ಗಣಕದ ಕಥೆಯನ್ನು ಬೇರೆಯಾಗಿಯೇ ನೋಡಬೇಕು.

ಸಿಡಿಲು ಮಳೆಯಿಂದ ಹುಟ್ಟಿದ ಪರೀಕ್ಷೆ

1988ರಲ್ಲಿ ಒಂದು ರಾತ್ರಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ತಮ್ಮ ಮನೆಯಿಂದ ದೂರವಾಣಿ ತಂತಿಯ ಮೂಲಕ ವಿಶ್ವವಿದ್ಯಾಲಯದ ಗಣಕದಲ್ಲಿ ಕೆಲಸ ಮಾಡುತ್ತಿದ್ದರು. ಹೊರಗೆ ಗುಡುಗು ಮಳೆ. ತಂತಿಯಲ್ಲಿನ ಗದ್ದಲದಿಂದಾಗಿ ಅವರು ಒತ್ತದ ಅಕ್ಷರಗಳು ಪರದೆಯ ಮೇಲೆ ಬೀಳತೊಡಗಿದವು. ಅವರಿಗೆ ಅಚ್ಚರಿಯೆನಿಸಿದ್ದು ಗದ್ದಲವಲ್ಲ. ಕೆಲವು ಹುಚ್ಚು ಅಕ್ಷರಗಳು ಬಿದ್ದ ಮಾತ್ರಕ್ಕೆ ದಿನಬಳಕೆಯ ತಂತ್ರಾಂಶಗಳು ಸತ್ತು ಬೀಳುತ್ತಿದ್ದುದು. ಅವರು ತಮ್ಮ ವಿದ್ಯಾರ್ಥಿಗಳಿಗೆ ಅದನ್ನೇ ಪ್ರಯೋಗವಾಗಿ ಕೊಟ್ಟರು: ಅರ್ಥವಿಲ್ಲದ ಅಕ್ಷರರಾಶಿಯನ್ನು ತಂತ್ರಾಂಶಗಳಿಗೆ ಉಣಿಸಿ, ಎಷ್ಟು ಉಳಿಯುತ್ತವೆ, ಎಷ್ಟು ಬೀಳುತ್ತವೆ ಎಂದು ಎಣಿಸುವುದು. 1990ರ ವರದಿಯಲ್ಲಿ ಅವರು ಪರೀಕ್ಷಿಸಿದ ಯುನಿಕ್ಸ್ ಉಪಕರಣಗಳಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಕುಸಿದಿದ್ದವು.

1995ರಲ್ಲಿ ಅದೇ ಪರೀಕ್ಷೆಯನ್ನು ಮತ್ತೆ ನಡೆಸಿದಾಗ ದೊಡ್ಡ ಕಂಪನಿಗಳು ಮಾರುತ್ತಿದ್ದ ಯುನಿಕ್ಸ್ ವ್ಯವಸ್ಥೆಗಳ ಉಪಕರಣಗಳು ಶೇಕಡಾ 15ರಿಂದ 43ರವರೆಗೆ ಸೋತವು. ಉಚಿತವಾಗಿ ಹಂಚಲ್ಪಡುತ್ತಿದ್ದ ಲಿನಕ್ಸ್ ಹಾಗೂ ಗ್ನೂ ಉಪಕರಣಗಳ ಸೋಲು ಶೇಕಡಾ 10ಕ್ಕಿಂತ ಕಡಿಮೆ. ಹಣ ಕೊಟ್ಟು ಕೊಂಡದ್ದೇ ಗಟ್ಟಿ ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು. ಆದರೆ ಅದೇ ವರದಿಯ ಇನ್ನೊಂದು ಪುಟವನ್ನು ಮುಕ್ತ ತಂತ್ರಾಂಶದ ಅಭಿಮಾನಿಗಳು ಅಷ್ಟಾಗಿ ಉಲ್ಲೇಖಿಸುವುದಿಲ್ಲ. ಕಿಟಕಿ, ಗುಂಡಿ, ಮೌಸ್ ಇರುವ ಮೇಜಿನ ತಂತ್ರಾಂಶಗಳನ್ನು ಅದೇ ರೀತಿ ಪರೀಕ್ಷಿಸಿದಾಗ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿದಿದ್ದವು. 2000ದಲ್ಲಿ ಪ್ರಕಟವಾದ ವಿಂಡೋಸ್ ಎನ್‌ಟಿ ಕುರಿತ ಪರೀಕ್ಷೆಯಲ್ಲಿ, ಕೀಲಿಮಣೆ ಮತ್ತು ಮೌಸಿನಿಂದ ಬರಬಹುದಾದ ಸಹಜ ಸಂಕೇತಗಳಿಗೇ ಶೇಕಡಾ 21ರಷ್ಟು ತಂತ್ರಾಂಶಗಳು ಬಿದ್ದವು, ಇನ್ನೂ ಶೇಕಡಾ 24ರಷ್ಟು ಸ್ತಬ್ಧವಾದವು.

ಈ ಅಂಕಿಗಳು ಹಳೆಯವು. ಅವುಗಳಿಂದ ಇಂದಿನ ಆವೃತ್ತಿಗಳನ್ನು ಅಳೆಯಬಾರದು. ಆದರೆ ಅವು ಕಲಿಸಿದ ಪಾಠ ಹಳತಾಗಿಲ್ಲ. ಬಹಳ ಜನ ಬಹಳ ಕಾಲ ತಿಕ್ಕಿ ತೊಳೆದ ಭಾಗ ಗಟ್ಟಿಯಾಗಿರುತ್ತದೆ. ಹೊಸದಾಗಿ ಹೊಳಪು ಕೊಟ್ಟ ಭಾಗ ಯಾರದ್ದಾದರೂ ದುರ್ಬಲವಾಗಿರುತ್ತದೆ. ಸಂಬಳ ಕೊಟ್ಟಿದ್ದಾರೆಯೇ ಇಲ್ಲವೇ ಎಂಬುದು ಇಲ್ಲಿ ನಿರ್ಣಾಯಕವಲ್ಲ.

ಎರಡೂ ಕಡೆಯ ಎಡವಟ್ಟುಗಳು

ವಾಣಿಜ್ಯ ವ್ಯವಸ್ಥೆಗಳು ಎಡವಿದ ಪ್ರಸಂಗಗಳು ಕಡಿಮೆಯೇನಲ್ಲ. 2018ರ ಫೆಬ್ರುವರಿಯಲ್ಲಿ ತೆಲುಗಿನ 'ಜ್ಞಾ' ಎಂಬ ಒಂದೇ ಸಂಯುಕ್ತಾಕ್ಷರದ ಒಂದು ರೂಪವು ಸಂದೇಶದಲ್ಲಿ ಬಂದರೆ ಸಾಕು, ಆಪಲ್ ಕಂಪನಿಯ ಐಫೋನ್ ಹಾಗೂ ಮ್ಯಾಕ್ ಗಣಕಗಳಲ್ಲಿ ತಂತ್ರಾಂಶಗಳು ಕುಸಿಯುತ್ತಿದ್ದವು. ಜಗತ್ತಿನ ಅತ್ಯಂತ ಶ್ರೀಮಂತ ಕಂಪನಿಗಳಲ್ಲೊಂದು, ಕೋಟ್ಯಂತರ ಜನರ ಭಾಷೆಯ ಒಂದು ಅಕ್ಷರವನ್ನು ಸರಿಯಾಗಿ ಪರೀಕ್ಷಿಸದೆ ಬಿಟ್ಟಿತ್ತು. ತೆಲುಗು ಮಾತನಾಡುವ ಸಾವಿರಾರು ನೇಕಾರ ಕುಟುಂಬಗಳಿರುವ ಸೊಲ್ಲಾಪುರಕ್ಕೆ ಇದು ದೂರದ ಸುದ್ದಿಯಲ್ಲ. ಕನ್ನಡದ ಲಿಪಿ ಅದೇ ವಂಶದ್ದು. ದುರಸ್ತಿ ಅದೇ ತಿಂಗಳಲ್ಲಿ ಬಂದಿತು ಎಂಬುದನ್ನೂ ಹೇಳಬೇಕು. ಅದೇ ವರ್ಷದ ಅಕ್ಟೋಬರಿನಲ್ಲಿ ವಿಂಡೋಸ್ 10ರ ಒಂದು ಪರಿಷ್ಕರಣೆಯು ಕೆಲವು ಬಳಕೆದಾರರ ಕಡತಗಳನ್ನೇ ಅಳಿಸಿಹಾಕಿದ್ದರಿಂದ ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ತಡೆಹಿಡಿಯಬೇಕಾಯಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಕಂಪನಿಯ ಒಂದು ದೋಷಯುಕ್ತ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ನೀಲಿ ಪರದೆ ತೋರಿಸಿ ನಿಂತವು. ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡುವಂತಾಯಿತು. ತಪ್ಪು ಮೈಕ್ರೋಸಾಫ್ಟಿನದಲ್ಲ, ಆದರೆ ಸಂಬಳ ಪಡೆಯುವ ತಜ್ಞರದೇ.

ಸ್ವಯಂಸೇವಕರ ಪಕ್ಷದ ಲೆಕ್ಕವೂ ಶುದ್ಧವಲ್ಲ. 2006ರಲ್ಲಿ ಡೆಬಿಯನ್ನಿನ ಒಬ್ಬ ಕಾರ್ಯಕರ್ತರು ಒಂದು ಎಚ್ಚರಿಕೆಯ ಸಂದೇಶವನ್ನು ನಿವಾರಿಸಲು ಮಾಡಿದ ಸಣ್ಣ ತಿದ್ದುಪಡಿಯಿಂದ ಗುಪ್ತಕೀಲಿಗಳು ಸುಲಭವಾಗಿ ಊಹಿಸಬಹುದಾದಂತಾದವು. ಅದು ಬಯಲಾದದ್ದು 2008ರ ಮೇ ತಿಂಗಳಲ್ಲಿ, ಸುಮಾರು ಎರಡು ವರ್ಷಗಳ ನಂತರ. 2014ರ ಏಪ್ರಿಲ್ 7ರಂದು ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ 'ಹಾರ್ಟ್‌ಬ್ಲೀಡ್' ಎಂಬ ಭಾರೀ ಬಿರುಕು ಪ್ರಕಟವಾಯಿತು. ಅಂತರಜಾಲದ ದೊಡ್ಡ ಭಾಗವನ್ನು ಕಾಯುತ್ತಿದ್ದ ಆ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ. ಮರುದಿನ, ಏಪ್ರಿಲ್ 8ರಂದು, ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಎಕ್ಸ್‌ಪಿಯ ಬೆಂಬಲವನ್ನು ನಿಲ್ಲಿಸಿತು. ಒಂದು ಕಡೆ ಕಾಯುವವರಿಗೆ ಕೂಳಿಲ್ಲ. ಇನ್ನೊಂದು ಕಡೆ ಕಾವಲೇ ಮುಗಿಯಿತು. ಬಳಕೆದಾರನ ದೃಷ್ಟಿಯಲ್ಲಿ ಎರಡೂ ಒಂದೇ ಬಗೆಯ ಸೋಲುಗಳು.

2024ರ ಮಾರ್ಚ್ 29ರಂದು ಹೊರಬಂದ ಇನ್ನೊಂದು ಪ್ರಸಂಗ ಎರಡೂ ಪಕ್ಷಗಳ ಗಡಿಯನ್ನೇ ಅಳಿಸಿಹಾಕುತ್ತದೆ. 'ಎಕ್ಸ್‌ಜೆಡ್' ಎಂಬ ಸಣ್ಣ ಉಪಕರಣವನ್ನು ಒಬ್ಬನೇ ಸ್ವಯಂಸೇವಕ ದಣಿದು ನೋಡಿಕೊಳ್ಳುತ್ತಿದ್ದ. ಸಹಾಯಕನಂತೆ ಬಂದು ವರ್ಷಗಳ ಕಾಲ ವಿಶ್ವಾಸ ಗಳಿಸಿದ ಅಜ್ಞಾತನೊಬ್ಬ ಅದರೊಳಗೆ ಕಳ್ಳದಾರಿಯನ್ನು ಅಡಗಿಸಿದ್ದ. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂಬ ಸಂಶಯದಿಂದ ಅದನ್ನು ಬೆನ್ನಟ್ಟಿ ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್. ಅವರು ಮೈಕ್ರೋಸಾಫ್ಟಿನ ಉದ್ಯೋಗಿ. ಕಳ್ಳದಾರಿ ಡೆಬಿಯನ್ನಿನ ಸ್ಥಿರ ಆವೃತ್ತಿಯನ್ನು ತಲುಪುವ ಮೊದಲೇ ಅದು ಹೊರಬಿತ್ತು. ಸ್ವಯಂಸೇವೆಯ ದೌರ್ಬಲ್ಯ ಮತ್ತು ತೆರೆದ ಮೂಲದ ಶಕ್ತಿ ಎರಡೂ ಈ ಒಂದೇ ಘಟನೆಯಲ್ಲಿವೆ: ನೋಡಿಕೊಳ್ಳುವವನು ಒಬ್ಬನೇ ಆದದ್ದರಿಂದ ಕಳ್ಳ ಒಳಬಂದ, ಯಾರು ಬೇಕಾದರೂ ಒಳಗೆ ನೋಡಬಹುದಾಗಿದ್ದರಿಂದ ಸಿಕ್ಕಿಬಿದ್ದ.

ಇನ್ನು 'ಕೆಟ್ಟರೆ ಕೇಳುವವರಾರು' ಎಂಬ ಪ್ರಶ್ನೆ. ಮುಕ್ತ ತಂತ್ರಾಂಶದ ಪರವಾನಗಿಯು ಯಾವ ಖಾತರಿಯೂ ಇಲ್ಲವೆಂದು ನೇರವಾಗಿ ಹೇಳುತ್ತದೆ. ಕೊಂಡ ತಂತ್ರಾಂಶದ ಪರವಾನಗಿಯನ್ನು ಓದಿದರೆ ಅಲ್ಲಿಯೂ ಸಾಮಾನ್ಯವಾಗಿ ಕಂಪನಿಯ ಹೊಣೆ ಕೊಟ್ಟ ಬೆಲೆಯನ್ನು ಮೀರುವುದಿಲ್ಲ. ಕಡತ ಕಳೆದುಕೊಂಡ ಶಾಲೆಗೆ ಎರಡರಿಂದಲೂ ಪರಿಹಾರವಿಲ್ಲ. ಪರವಾನಗಿಯಿಲ್ಲದ ನಕಲು ಪ್ರತಿಯನ್ನು ಬಳಸುವವನಿಗಂತೂ ಕೇಳುವ ಹಕ್ಕೇ ಇಲ್ಲ.

ಕನ್ನಡದ ಅನುಭವ

ಕನ್ನಡಿಗರಿಗೆ ವಿಶ್ವಾಸಾರ್ಹತೆಯೆಂದರೆ ಗಣಕ ನಿಲ್ಲದೆ ನಡೆಯುವುದಷ್ಟೇ ಅಲ್ಲ. ಇಂದು ಬರೆದ ಕನ್ನಡವು ಹತ್ತು ವರ್ಷಗಳ ನಂತರ ಕನ್ನಡವಾಗಿಯೇ ತೆರೆದುಕೊಳ್ಳಬೇಕು. ಈ ಅಳತೆಗೋಲಿನಲ್ಲಿ ನಮ್ಮ ಭಾಷೆ ಪಟ್ಟ ಪಾಡು ದೊಡ್ಡದು.

ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, 'ತುಂಗಾ' ಅಕ್ಷರದೊಂದಿಗೆ. ಅದಕ್ಕಿಂತ ಮೊದಲು ಆ ಕೊರತೆಯನ್ನು ತುಂಬಿದವರು ಕನ್ನಡಿಗರೇ. ಕೆ. ಪಿ. ರಾವ್ ಅವರು ಕನ್ನಡಕ್ಕೆ ಸರಳವಾದ ಕೀಲಿಮಣೆ ವಿನ್ಯಾಸವನ್ನು ರೂಪಿಸಿದರು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರಕಾರದ ಬೆಂಬಲದಿಂದ 'ನುಡಿ'ಯನ್ನು ನೀಡಿತು. ಪುಣೆಯಲ್ಲಿ ತಯಾರಾದ 'ಶ್ರೀಲಿಪಿ' ನಮ್ಮ ಭಾಗದ ಡಿಟಿಪಿ ಅಂಗಡಿಗಳಿಗೆ ಪರಿಚಿತವಾಯಿತು. ಇವಿಲ್ಲದಿದ್ದರೆ ಸೊಲ್ಲಾಪುರದಲ್ಲಿ ಕನ್ನಡದ ಲಗ್ನಪತ್ರಿಕೆಯಾಗಲಿ, ಜಾತ್ರೆಯ ಕರಪತ್ರವಾಗಲಿ, ಶಾಲೆಯ ಪ್ರಶ್ನಪತ್ರಿಕೆಯಾಗಲಿ ಗಣಕದಿಂದ ಹೊರಬರುತ್ತಿರಲಿಲ್ಲ.

ಆದರೆ ಆ ಕಾಲದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಅದೇ ಫಾಂಟು ಇರುವ ಗಣಕದಲ್ಲಿ ಕಡತ ಕನ್ನಡವಾಗಿ ಕಾಣುತ್ತದೆ. ಇಲ್ಲದ ಗಣಕದಲ್ಲಿ ರೋಮನ್ ಅಕ್ಷರಗಳ ಗೋಜಲಾಗುತ್ತದೆ. ಪುಟವಿನ್ಯಾಸಕ್ಕೆ ಎಲ್ಲರೂ ನಂಬಿದ್ದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರ ಒಡೆಯನಾದ ಅಡೋಬಿ ಕಂಪನಿ ಆ ದಾರಿಯನ್ನೇ ಮುಚ್ಚಿತು. ಸಂಘಸಂಸ್ಥೆಗಳ ಸ್ಮರಣಸಂಚಿಕೆಗಳು, ಶಾಲೆಗಳ ಹಳೆಯ ದಾಖಲೆಗಳು ಇಂತಹ ಕಡತಗಳಲ್ಲಿ ಉಳಿದಿದ್ದರೆ ಅವು ಅರ್ಧ ಬೀಗ ಹಾಕಿದ ಪೆಟ್ಟಿಗೆಯೊಳಗಿವೆ. ತಂತ್ರಾಂಶ ಒಂದು ದಿನವೂ ಕೆಡಲಿಲ್ಲ, ಆದರೂ ಬರಹ ಕಳೆದುಹೋಗುವ ಸ್ಥಿತಿ ಬಂದಿತು. ಇದಕ್ಕೆ ಪರಿಹಾರವೆಂದರೆ ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಸ್ಥಿರ ಸ್ಥಾನ ಕೊಡುವ ಯೂನಿಕೋಡ್. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಲ್ಲಿ ಹಲವನ್ನು ರಚಿಸಿದವರು ಸ್ವಂತ ಆಸಕ್ತಿಯಿಂದ ದುಡಿದ ಕನ್ನಡದ ತರುಣರು.

ಲಿನಕ್ಸ್ ಪಕ್ಷದಲ್ಲಿ ಇಂದು ಕನ್ನಡಕ್ಕೆ ಆಧಾರ ಚೆನ್ನಾಗಿದೆ. ರೆಡ್ ಹ್ಯಾಟ್ ಕಂಪನಿ ಬಿಡುಗಡೆ ಮಾಡಿದ 'ಲೋಹಿತ್', ಕನ್ನಡಿಗರೇ ರಚಿಸಿ ಕೊಟ್ಟ 'ಗುಬ್ಬಿ' ಮತ್ತು 'ನವಿಲು' ಅಕ್ಷರಗಳು ಡೆಬಿಯನ್ನಿನಲ್ಲಿ ದೊರೆಯುತ್ತವೆ. ಕೀಲಿಮಣೆಯ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟ್ ಜೊತೆಗೆ 'ಕಗಪ' ವಿನ್ಯಾಸವೂ ಸಿದ್ಧವಾಗಿರುತ್ತದೆ. ಒತ್ತಕ್ಷರ, ಅರ್ಕಾವೊತ್ತುಗಳನ್ನು ಸರಿಯಾಗಿ ಜೋಡಿಸುವ 'ಹಾರ್ಫ್‌ಬಜ್' ಎಂಬ ಮುಕ್ತ ತಂತ್ರಾಂಶವನ್ನು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲವೂ ಬಳಸುತ್ತವೆ.

ಆದರೆ ಕೊರತೆಗಳನ್ನು ಮುಚ್ಚಿಡಬಾರದು. ಪೇಜ್‌ಮೇಕರ್‌ಗೆ ಪರ್ಯಾಯವೆನ್ನಲಾದ 'ಸ್ಕ್ರೈಬಸ್' 2001ರ ಸುಮಾರಿಗೇ ಹುಟ್ಟಿದರೂ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಅದರ ಸ್ಥಿರ ಆವೃತ್ತಿ ಬಂದದ್ದು 2024ರಲ್ಲಿ. ಇಷ್ಟು ದೀರ್ಘಕಾಲ ಕನ್ನಡ ಮುದ್ರಕರು ಅದನ್ನು ಮುಟ್ಟದೆ ಇದ್ದದ್ದು ಅಜ್ಞಾನದಿಂದಲ್ಲ, ನ್ಯಾಯವಾದ ಕಾರಣದಿಂದ. ಪರದೆಯ ಆದೇಶಗಳನ್ನು ಕನ್ನಡಕ್ಕೆ ತರುವವರು ಕೆಲವೇ ಮಂದಿ; ಅವರ ಕೆಲಸ ನಿಂತೊಡನೆ ಹೊಸ ಆವೃತ್ತಿಯಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಉಳಿಯುತ್ತದೆ. ಕೆಲವು ಪ್ರಿಂಟರುಗಳಿಗೆ ಲಿನಕ್ಸಿನ ಚಾಲಕ ತಂತ್ರಾಂಶ ಸಿಗುವುದಿಲ್ಲ. ಹಳೆಯ ಯಂತ್ರಗಳನ್ನು ಸ್ವಯಂಸೇವಕರು ಎಂದೆಂದಿಗೂ ಪೋಷಿಸುತ್ತಾರೆಂಬ ಮಾತೂ ನಿಜವಲ್ಲ: 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13, ತೀರ ಹಳೆಯ 32-ಬಿಟ್ ಗಣಕಗಳಿಗೆ ಹೊಸದಾಗಿ ಸ್ಥಾಪಿಸಿಕೊಳ್ಳುವ ಅವಕಾಶವನ್ನು ಕೈಬಿಟ್ಟಿದೆ.

ಕಾಸರಗೋಡಿನಿಂದ ಕಲಿಯಬೇಕಾದದ್ದು

ಸೊಲ್ಲಾಪುರದಂತೆಯೇ ಕರ್ನಾಟಕದ ಹೊರಗಿರುವ ಇನ್ನೊಂದು ಕನ್ನಡ ನಾಡು ಕಾಸರಗೋಡು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಗಣಕ ಕಲಿಯುತ್ತಿರುವುದು ಲಿನಕ್ಸಿನಲ್ಲಿ. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ 'ಐಟಿ ಅಟ್ ಸ್ಕೂಲ್' ಯೋಜನೆ ಕ್ರಮೇಣ ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಅದು 'ಕೈಟ್' ಎಂಬ ಸರಕಾರಿ ಕಂಪನಿಯಾಯಿತು. ಉಬುಂಟುವಿನ ಮೇಲೆ ಕಟ್ಟಿದ ತನ್ನದೇ ವ್ಯವಸ್ಥೆಯನ್ನು 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಗಣಕಗಳಿಗೆ ನೀಡುವುದಾಗಿಯೂ ಅದರಿಂದ ಸುಮಾರು 3,000 ಕೋಟಿ ರೂಪಾಯಿ ಪರವಾನಗಿ ವೆಚ್ಚ ಉಳಿಯುವುದೆಂದೂ ಕೈಟ್ ಪ್ರಕಟಿಸಿತು.

ಉಳಿತಾಯದ ಅಂಕಿಗಿಂತ ಗಮನಿಸಬೇಕಾದದ್ದು ಆ ವ್ಯವಸ್ಥೆ ನಿಂತಿರುವ ರೀತಿ. ಪ್ರೌಢಶಾಲೆಗಳಲ್ಲಿ ಒಬ್ಬ ಶಿಕ್ಷಕ ಗಣಕ ಸಂಯೋಜಕನಾಗಿರುತ್ತಾನೆ. ಅವನಿಗೆ ತೊಡಕಾದರೆ ಜಿಲ್ಲೆಯಲ್ಲಿ ತರಬೇತುದಾರರಿದ್ದಾರೆ. ಪಠ್ಯಪುಸ್ತಕ, ತಂತ್ರಾಂಶ, ಪ್ರಾಯೋಗಿಕ ಪರೀಕ್ಷೆ ಮೂರೂ ಒಂದಕ್ಕೊಂದು ಹೊಂದಿಕೊಂಡಿವೆ. 2018ರಿಂದ 'ಲಿಟಲ್ ಕೈಟ್ಸ್' ಕೂಟಗಳ ಮೂಲಕ ವಿದ್ಯಾರ್ಥಿಗಳೂ ಗಣಕದ ಒಳಹೊರಗನ್ನು ಕಲಿಯುತ್ತಿದ್ದಾರೆ. ಅಂದರೆ ಅಲ್ಲಿ ಲಿನಕ್ಸ್ ನಂಬಿಕೆಗೆ ಅರ್ಹವಾದದ್ದು ಲಿನಕ್ಸಿನಿಂದ ಮಾತ್ರವಲ್ಲ. ಕೆಟ್ಟಾಗ ಕೈಯಿಡುವ ಮನುಷ್ಯ ಕೂಗಳತೆಯಲ್ಲಿದ್ದಾನೆ, ಅವನಿಗೆ ಕೈಯಿಡುವ ಅಧಿಕಾರವೂ ಇದೆ.

ಮಹಾರಾಷ್ಟ್ರದ ಚಿತ್ರ ಬೇರೆ. 2001ರಿಂದ ನಡೆದುಬಂದಿರುವ ಎಂಎಸ್-ಸಿಐಟಿ ತರಬೇತಿಯ ಮೂಲಕ ಗಣಕ ಕಲಿತ ಲಕ್ಷಾಂತರ ಜನರಿಗೆ ಪರಿಚಯವಾದದ್ದು ವಿಂಡೋಸ್ ಮತ್ತು ಅದರ ಆಫೀಸ್ ತಂತ್ರಾಂಶ. ಸರಕಾರಿ ನೌಕರಿಗೆ ಈ ಪ್ರಮಾಣಪತ್ರ ಬೇಕಾಗಿದ್ದರಿಂದ ಶಿಕ್ಷಕವರ್ಗವೂ ಅದನ್ನೇ ಕಲಿತಿದೆ. ಊರಿನ ಗಣಕ ರಿಪೇರಿಯವನಿಗೂ ಅದೇ ಗೊತ್ತು. ಆದ್ದರಿಂದ ಇಲ್ಲಿ ವಿಂಡೋಸ್ ಹೆಚ್ಚು ನಂಬಲರ್ಹವೆನಿಸಿದರೆ ಅದು ಭ್ರಮೆಯಲ್ಲ. ಅದನ್ನು ಬಲ್ಲವರು ಹತ್ತಿರದಲ್ಲಿದ್ದಾರೆ. ಕಾಸರಗೋಡಿನ ತಂತ್ರಾಂಶವನ್ನು ತಂದು, ಕಾಸರಗೋಡಿನ ಮನುಷ್ಯಬಲವನ್ನು ತರದೆ ಹೋದರೆ, ಒಂದು ವರ್ಷದಲ್ಲಿ ಆ ಗಣಕಗಳ ಮೇಲೆ ಧೂಳು ಕೂತಿರುತ್ತದೆ.

ಸೊನ್ನಲಿಗೆಯ ಸಿದ್ಧರಾಮರು ಹನ್ನೆರಡನೆಯ ಶತಮಾನದಲ್ಲಿ ಶರಣರ ಶ್ರಮದಿಂದ ಕೆರೆ ಕಟ್ಟಿಸಿದರೆಂಬುದನ್ನು ಸೊಲ್ಲಾಪುರದ ಮಗುವೂ ಬಲ್ಲದು. ಕೂಲಿಯಿಲ್ಲದೆ ತೋಡಿದ್ದೆಂದು ಯಾರೂ ಆ ಕೆರೆಯನ್ನು ಸಂಶಯದಿಂದ ನೋಡಲಿಲ್ಲ. ಹಾಗೆಯೇ ಭಕ್ತಿಯಿಂದ ತೋಡಿದ್ದೆಂಬ ಕಾರಣಕ್ಕೆ ಅದರಲ್ಲಿ ಹೂಳು ತುಂಬದೆ ಇರಲಿಲ್ಲ. ಯಾವ ಕೆರೆಯಾದರೂ ಉಳಿಯುವುದು ಕಾಲಕಾಲಕ್ಕೆ ಹೂಳೆತ್ತುವವರಿದ್ದರೆ. ತಂತ್ರಾಂಶಕ್ಕೂ ಬೇರೆ ನಿಯಮವಿಲ್ಲ.

ಶಾಲೆಗಳು ಏನು ಮಾಡಬಹುದು

ಮೊದಲನೆಯದಾಗಿ ಕೆಲಸವನ್ನು ವಿಂಗಡಿಸಬೇಕು. ಶಾಲೆಯ ಮಾಹಿತಿ ತುಂಬುವ ಸರಲ್, ಯುಡೈಸ್ ಪ್ಲಸ್ ತಾಣಗಳಿಗೆ ಬ್ರೌಸರ್ ಸಾಕು. ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಎಲ್ಲಿ ಬೇಕಾದರೂ ತೆರೆಯುತ್ತವೆ. ಪತ್ರವ್ಯವಹಾರ, ಅಂಕಪಟ್ಟಿಗಳಿಗೆ ಲಿಬ್ರೆ ಆಫೀಸ್ ಸಾಕಾಗುತ್ತದೆ. ಇವಕ್ಕೆ ಲಿನಕ್ಸ್ ಯೋಗ್ಯ. ಶ್ರೀಲಿಪಿ, ನುಡಿ, ಟ್ಯಾಲಿಗಳಂಥ ವಿಂಡೋಸಿಗಾಗಿಯೇ ರಚಿತವಾದ ತಂತ್ರಾಂಶಗಳು ಅನಿವಾರ್ಯವಾದಲ್ಲಿ ಒಂದು ಗಣಕವನ್ನು ವಿಂಡೋಸಿನಲ್ಲಿಯೇ ಇಡುವುದು ಜಾಣತನ. ಪರವಾನಗಿ ಒಪ್ಪಂದವಿರುವ ಶಿಕ್ಷಣ ಸಂಸ್ಥೆಗಳಿಗೆ ವಿಂಡೋಸ್ 10ರ ಹೆಚ್ಚುವರಿ ದುರಸ್ತಿಯನ್ನು ಮೈಕ್ರೋಸಾಫ್ಟ್ ಗಣಕವೊಂದಕ್ಕೆ ಮೊದಲ ವರ್ಷ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4 ಡಾಲರಿನಂತೆ ಕೊಡುವುದಾಗಿ ಹೇಳಿದೆ. ಅರ್ಹತೆಯಿದ್ದವರು ಅದನ್ನು ವಿಚಾರಿಸಬೇಕು. ದುರಸ್ತಿಯಿಲ್ಲದ ಗಣಕವನ್ನು ಮಾತ್ರ ಅಂತರಜಾಲಕ್ಕೆ ಜೋಡಿಸಿಡಬಾರದು. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಹಾಕಿದಾಗ ಬಲಿಯಾದವು, ಮಾರ್ಚಿನಲ್ಲಿಯೇ ಬಂದಿದ್ದ ದುರಸ್ತಿಯನ್ನು ಹಾಕಿಕೊಳ್ಳದ ಮತ್ತು ಬೆಂಬಲ ಮುಗಿದ ಗಣಕಗಳೇ.

ಎರಡನೆಯದಾಗಿ, ಬದಲಾಯಿಸುವ ಮುನ್ನ ಪರೀಕ್ಷಿಸಬೇಕು. ಉಬುಂಟು, ಲಿನಕ್ಸ್ ಮಿಂಟ್ ಮುಂತಾದವನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಗಣಕದಲ್ಲಿರುವ ಯಾವುದನ್ನೂ ಅಳಿಸಬೇಕಾಗಿಲ್ಲ. ಪ್ರಿಂಟರ್ ಮುದ್ರಿಸುತ್ತದೆಯೇ, ಪ್ರೊಜೆಕ್ಟರ್ ಹೊಂದುತ್ತದೆಯೇ, ಕನ್ನಡ ಮತ್ತು ಮರಾಠಿ ಎರಡೂ ಬೆರಳಚ್ಚು ಆಗುತ್ತವೆಯೇ ಎಂದು ಒಂದು ವಾರ ನೋಡಿ ನಿರ್ಧರಿಸಬಹುದು. ಆರಿಸಿಕೊಳ್ಳುವಾಗ ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಆರಿಸಬೇಕು. ಉಬುಂಟುವಿನ ಅಂತಹ ಆವೃತ್ತಿಗೆ ಐದು ವರ್ಷ ಉಚಿತ ದುರಸ್ತಿ ದೊರೆಯುತ್ತದೆ.

ಮೂರನೆಯದು, ವ್ಯವಸ್ಥೆ ಯಾವುದಾದರೂ ಇರಲಿ, ಹಳೆಯ ಕನ್ನಡ ಕಡತಗಳನ್ನು ಯೂನಿಕೋಡಿಗೆ ತಿರುಗಿಸಿ, ಜೊತೆಗೆ ಪಿಡಿಎಫ್ ಪ್ರತಿಯನ್ನೂ ತೆಗೆದು, ಎರಡು ಬೇರೆ ಸ್ಥಳಗಳಲ್ಲಿ ಇಡಬೇಕು. ಹಳೆಯ ಫಾಂಟು ಹಾಕಿರುವ ಕೊನೆಯ ಗಣಕ ಇನ್ನೂ ನಡೆಯುತ್ತಿರುವಾಗಲೇ ಇದನ್ನು ಮುಗಿಸಬೇಕು. ಆ ಗಣಕ ಕೆಟ್ಟ ಮೇಲೆ ಯಾವ ಪಕ್ಷದ ತಜ್ಞನೂ ಸುಲಭವಾಗಿ ನೆರವಾಗಲಾರ.

ನಾಲ್ಕನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಮನುಷ್ಯ. ಪ್ರತಿ ಶಾಲೆಗೂ ಒಬ್ಬ ತಜ್ಞನನ್ನು ಇಡುವುದು ಸಾಧ್ಯವಿಲ್ಲ. ಆದರೆ ಅಕ್ಕಪಕ್ಕದ ಹತ್ತು ಶಾಲೆಗಳು ಸೇರಿ ಇಬ್ಬರು ಶಿಕ್ಷಕರನ್ನು ತರಬೇತುಗೊಳಿಸುವುದು ಅಸಾಧ್ಯವಲ್ಲ. ಸೊಲ್ಲಾಪುರದ ಅಭಿಯಾಂತ್ರಿಕ ಮಹಾವಿದ್ಯಾಲಯಗಳಲ್ಲಿ ಓದುವ ಈ ಭಾಗದ ಕನ್ನಡ ವಿದ್ಯಾರ್ಥಿಗಳನ್ನು ರಜೆಯ ದಿನಗಳಲ್ಲಿ ತಮ್ಮ ಊರಿನ ಶಾಲೆಗೆ ಕರೆಯಬಹುದು. ಶಾಲಾ ವ್ಯವಸ್ಥಾಪನ ಸಮಿತಿಗಳು ಮುಂದಿನ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ 'ಯಾವ ತಂತ್ರಾಂಶ' ಎಂಬುದಲ್ಲ, 'ಕೆಟ್ಟರೆ ಯಾರನ್ನು ಕರೆಯುತ್ತೇವೆ, ಅವರು ಎಷ್ಟು ದಿನದಲ್ಲಿ ಬರುತ್ತಾರೆ' ಎಂಬುದು. ಅದಕ್ಕೆ ಹೆಸರು ಸಹಿತ ಉತ್ತರ ದೊರೆತ ಶಾಲೆ, ಹಣ ಕೊಟ್ಟು ಕೊಂಡದ್ದನ್ನಾಗಲಿ ಸ್ವಯಂಸೇವಕರು ಕೊಟ್ಟದ್ದನ್ನಾಗಲಿ ಧೈರ್ಯವಾಗಿ ಬಳಸಬಹುದು.

ಇಷ್ಟಾದ ಮೇಲೂ ಎರಡರ ನಡುವೆ ಒಂದು ವ್ಯತ್ಯಾಸ ಉಳಿಯುತ್ತದೆ. ವಾಣಿಜ್ಯ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತೊಂದರೆಯಾದರೆ ಗಡಿನಾಡಿನ ಕನ್ನಡಿಗ ಕಂಪನಿಗೆ ಬರೆದು ಕಾಯಬೇಕು. ಲಾಭದ ಲೆಕ್ಕದಲ್ಲಿ ಅವನ ಸ್ಥಾನ ಬಹಳ ಕೆಳಗಿದೆ. ಮುಕ್ತ ವ್ಯವಸ್ಥೆಯಲ್ಲಿಯೂ ಅವನು ಕಾಯಬೇಕಾಗಬಹುದು. ಆದರೆ ಅಲ್ಲಿ ಅಕ್ಕಲಕೋಟದ ಒಬ್ಬ ವಿದ್ಯಾರ್ಥಿ ಅನುವಾದವನ್ನು ಪೂರ್ಣಗೊಳಿಸಲು, ಅಕ್ಷರದ ದೋಷವನ್ನು ತಿದ್ದಲು, ತಿದ್ದಿದ್ದನ್ನು ಎಲ್ಲ ಕನ್ನಡಿಗರಿಗೂ ತಲುಪಿಸಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಆ ಬಾಗಿಲು ತೆರೆದಿದೆ. ಅದರೊಳಗೆ ಹೋಗಬಲ್ಲ ಮಕ್ಕಳನ್ನು ನಮ್ಮ ಶಾಲೆಗಳು ಸಿದ್ಧಪಡಿಸುತ್ತವೆಯೇ ಎಂಬುದು ಈಗಿರುವ ಹಳೆಯ ಗಣಕಗಳನ್ನು ಏನು ಮಾಡುತ್ತೇವೆಂಬುದರಿಂದಲೇ ತಿಳಿಯಲಿದೆ.